ಗಜೇಂದ್ರಗಡದಲ್ಲಿ ಓಡುತ್ತಿತ್ತು, ರೋಣದಲ್ಲಿ ಮಲಗುತ್ತಿತ್ತು

ಹೊಸ ವಸ್ತು ಯಾವುದೇ ಮನೆಗೆ ಬರಲಿ, ಮೊದಲು ಅದರ ಮೈ ಮುಚ್ಚಬೇಕು ಎಂಬುದು ನಮ್ಮ ಮನೆಯ ಧರ್ಮ. ರೇಡಿಯೋ ಬಂದಾಗ ಅದಕ್ಕೊಂದು ಅಂಗಿ ಬಂತು, ಟೀವಿ ಬಂದಾಗ ಪರದೆ ಬಂತು, ಮಿಕ್ಸರಿಗೆ ಟೊಪ್ಪಿಗೆ ಬಂತು. ರೋಣದ ಎರೆಮಣ್ಣಿನ ಧೂಳು ಹೇಳದೆ ಕೇಳದೆ ಒಳಗೆ ಬಂದು ಕೂಡುವಂಥದ್ದು. ಆದ್ದರಿಂದ ಈ ಧರ್ಮದಲ್ಲಿ ನನಗೂ ನಂಬಿಕೆಯಿತ್ತು. ನಾನು ಹುಬ್ಬಳ್ಳಿಯಿಂದ ಲ್ಯಾಪ್‌ಟಾಪ್ ತಂದ ದಿನ ಅವ್ವ ಅದನ್ನು ಬಹಳ ಹೊತ್ತು ದಿಟ್ಟಿಸಿ, “ಇಷ್ಟ ತೆಳ್ಳಗ ಐತಿ, ಥಂಡಿ ಹತ್ತೂದಿಲ್ಲೇನೋ ತಮ್ಮಾ ಇದಕ್ಕ?” ಎಂದು ಕೇಳಿದಳು. ನಾನು ಆಗಲೇ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಖರೇ ಹೇಳಬೇಕೆಂದರೆ ನನಗೆ ಸಂತೋಷವೇ ಆಯಿತು.

ಅದಕ್ಕೆ ಕಾರಣವಿದೆ. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅವ್ವನ ಕೈಯ ಕೌದಿ ಹೋಗಬೇಕು. ಹಳೆಯ ಸೀರೆ, ಧೋತರಗಳ ತುಂಡು ಜೋಡಿಸಿ ಅವಳು ಹೊಲಿಯುವ ಕೌದಿ ಹೊದ್ದು ಬೆಳೆದವರೇ ಇಲ್ಲಿ ಅರ್ಧ ಜನ. ಆದರೆ ಅಪ್ಪ ತೀರಿಕೊಂಡ ಮೇಲೆ ಅವಳು ಸೂಜಿ ಮುಟ್ಟಿರಲಿಲ್ಲ. ಗೋಡೆಗೆ ಒರಗಿ ಕೂತಳೆಂದರೆ ಸಂಜೆಯವರೆಗೂ ಹಾಗೆಯೇ. “ಉಂಡಿಯೇನಬೇ?” ಎಂದರೆ “ಹೂಂ.” “ಮಕ್ಕೋತಿಯೇನು?” ಎಂದರೂ “ಹೂಂ.” ಅಂಥವಳು ಲ್ಯಾಪ್‌ಟಾಪ್ ಬಂದ ಮರುದಿನ ಬಟ್ಟೆಯ ಗಂಟು ಬಿಚ್ಚಿದಳು. ಅಪ್ಪನ ಧೋತರ ಹರಿದಳು, ತನ್ನ ಹಳೆಯ ಇಳಕಲ್ ಸೀರೆಯ ತುಂಡು ಸೇರಿಸಿದಳು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತಳು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಕೊನೆಯ ಹೊಲಿಗೆಗೆ ಮುಂಚೆ ಒಳಗೆ ನಾಲ್ಕು ಕಾಳು ಜೋಳ ಹಾಕುವುದನ್ನೂ ಮರೆಯಲಿಲ್ಲ. ತಳಕ್ಕೂ ಬಗಲಿಗೂ ಬಿಗಿಯಾಗಿ ಕೂಡುವ, ಲಾಡಿ ಕಟ್ಟುವ ದಪ್ಪನೆಯ ಕೌದಿ. ಪರದೆ ಮತ್ತು ಕೀಲಿಗಳನ್ನು ಬಿಟ್ಟರೆ ಯಂತ್ರದ ಮೈ ಎಳ್ಳಷ್ಟೂ ಕಾಣುತ್ತಿರಲಿಲ್ಲ. ಕಾರಹುಣ್ಣಿಮೆಯ ಎತ್ತಿನಂತೆ ಅದು ಸಿಂಗಾರವಾಗಿ ಮೇಜಿನ ಮೇಲೆ ಕೂತಿತು. ಅದನ್ನು ನೋಡಿ ಅವ್ವ ನಕ್ಕಳು. ಅಪ್ಪ ಹೋದ ಮೇಲೆ ಅದೇ ಮೊದಲು.

ಸ್ವಲ್ಪ ದಿನಕ್ಕೇ ಲ್ಯಾಪ್‌ಟಾಪ್ ಮಂದವಾಯಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಪ್ರಶ್ನೆಪತ್ರಿಕೆ ಟೈಪ್ ಮಾಡಲು ಕೂತರೆ, ಒತ್ತಿದ ಅಕ್ಷರ ಬರಲೋ ಬೇಡವೋ ಎಂದು ವಿಚಾರ ಮಾಡಿ ಮೂಡುತ್ತಿತ್ತು. ಹಿಂದಿನ ಬೆಂಚಿನವರನ್ನು ಪ್ರಶ್ನೆ ಕೇಳಿದ ಹಾಗೆ. ಗಜೇಂದ್ರಗಡದ ಖಾಜಾಸಾಬರ ಅಂಗಡಿಗೆ ಒಯ್ಯಲು ಹೊರಟೆ. ಬಸ್ಸಿನ ಗದ್ದಲದಲ್ಲಿ ಕೌದಿ ಹೊಲಸಾದೀತೆಂದು ಅವ್ವ ಅದನ್ನು ಬಿಚ್ಚಿ ಮಡಿಸಿಟ್ಟು, ಯಂತ್ರವನ್ನಷ್ಟೇ ಕಳಿಸಿದಳು. ಖಾಜಾಸಾಬರ ತಂದೆ ಮಗ್ಗದವರು. ಇವರು ರೇಡಿಯೋ, ಟೀವಿ ದಾಟಿ ಕಂಪ್ಯೂಟರಿಗೆ ಬಂದವರು. ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ, “ಸರ, ಇದರ ತಲಿ ತುಂಬೇತ್ರಿ. ಫಾರ್ಮ್ಯಾಟ್ ಹೊಡದು ಎಲ್ಲಾ ಹೊಸಾದು ಹಾಕಿಬಿಡೂಣು” ಎಂದರು. ಹಾಕಿದರು. ಅಂಗಡಿಯಲ್ಲಿ ಲ್ಯಾಪ್‌ಟಾಪ್ ಕುದುರೆಯಾಯಿತು. ಮನೆಗೆ ತಂದೆ, ಅವ್ವ ಲಾಡಿ ಕಟ್ಟಿದಳು, ಅದು ಅತ್ತೆಯ ಮನೆಗೆ ಬಂದ ಅಳಿಯನ ಹಾಗೆ ಕೈಕಾಲು ಚಾಚಿತು.

ಮತ್ತೆ ಒಯ್ದೆ. ಮತ್ತೆ ಫಾರ್ಮ್ಯಾಟ್. ಮತ್ತೆ ಅಲ್ಲಿ ಓಟ, ಇಲ್ಲಿ ನಿದ್ದೆ. ಖಾಜಾಸಾಬರು ಮೊದಲು ವೈರಸ್ಸನ್ನು ಬೈದರು, ಆಮೇಲೆ ರೋಣದ ಕರೆಂಟನ್ನು ಬೈದರು, ಕಡೆಗೆ ನನ್ನನ್ನೇ ಸಂಶಯದಿಂದ ನೋಡಿ, “ಸರ, ನೀವ ಏನರ ಸಿಟ್ಟು ಮಾಡ್ತೀರೇನ್ರಿ ಅದಕ್ಕ?” ಎಂದರು. ಇತ್ತ ಅವ್ವ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ವಿಜ್ಞಾನದ ಮಾಸ್ತರ ಪಕ್ಕದಲ್ಲಿ ಸುಮ್ಮನೆ ಕೆಮ್ಮುತ್ತ ನಿಂತಿದ್ದ.

ಕೊನೆಗೆ, ತಮ್ಮ ಮರ್ಯಾದೆಯ ಪ್ರಶ್ನೆಯೆಂದು ಖಾಜಾಸಾಬರೇ ಒಂದು ರವಿವಾರ ನಮ್ಮ ಮನೆಗೆ ಬಂದರು. ಮೇಜಿನ ಮೇಲೆ ಚಾಲೂ ಇದ್ದ ಲ್ಯಾಪ್‌ಟಾಪಿಗೆ ಬೆನ್ನು ಹಚ್ಚಿ ನಮ್ಮ ಬೆಕ್ಕು ಮಲಗಿತ್ತು. ಮಾಗಿಯ ಚಳಿ, ಬೆಕ್ಕು ಒಲೆ ಬಿಟ್ಟು ಇಲ್ಲಿ ಯಾಕೆ ಮಲಗಿತು ಎಂದುಕೊಂಡು ಅದನ್ನೆತ್ತಿ ಅಲ್ಲಿ ಕೈಯಿಟ್ಟೆ. ಕೌದಿ ಆಗಷ್ಟೇ ಇಳಿಸಿದ ರೊಟ್ಟಿ ಹಂಚಿನಂತೆ ಕಾದಿತ್ತು. ಒಳಗಿನ ಫ್ಯಾನಿನ ಗಾಳಿಗೆ ಹೋಗಲು ದಾರಿಯೇ ಇಲ್ಲ. ಯಂತ್ರ ಬೆಂದು, ಜೀವ ಉಳಿದರೆ ಸಾಕೆಂದು ಮೆಲ್ಲಗೆ ಉಸಿರಾಡುತ್ತಿತ್ತು. ಉಣ್ಣೆ, ಹತ್ತಿ ಬಟ್ಟೆಗಳು ಶಾಖವನ್ನು ಹೊರಗೆ ಬಿಡುವುದಿಲ್ಲ ಎಂದು ಹಿಂದಿನ ದಿನವೇ ಒಂಬತ್ತನೇ ತರಗತಿಗೆ ಬರೆಸಿ ಬಂದವನು ನಾನು!

ಖಾಜಾಸಾಬರಿಗೂ ತಿಳಿಯಿತು. ಬಾಯಿ ತೆರೆದರು. ಅಷ್ಟರಲ್ಲಿ ಅವ್ವ ಚಹಾ ತಂದು, “ನಮ್ಮನಿಯವರ ಧೋತರದಾಗ ಹೊಲದೇನಪಾ. ಚಲೋ ಆಗೇತಿಲ್ಲೋ?” ಎಂದಳು. ಖಾಜಾಸಾಬರು ಕೌದಿಯ ಅಂಚನ್ನು ಬೆರಳಿನಿಂದ ಸವರಿ ನೋಡಿದರು. “ನಮ್ಮೂರ ಮಗ್ಗದ ಬಟ್ಟಿರಿ ಇದು, ಅವ್ವಾರ. ಭಾಳ ಚಲೋ ಹೊಲದೀರಿ” ಎಂದು ಚಹಾ ಕುಡಿದರು. ಆಮೇಲೆ ಓಣಿಯ ತಿರುವಿನಲ್ಲಿ ನನ್ನ ಕೈ ಹಿಡಿದು, “ಕೌದಿ ತಗೀದಿದ್ರ ಅದು ಸುಟ್ಟ ಹೋಕ್ಕೈತ್ರಿ ಸರ. ಆದ್ರ ಅವ್ವಾರಿಗೆ ನೀವ ಹೇಳ್ರಿ. ನನ್ನ ಕೈಲೆ ಆಗೂದಿಲ್ಲ” ಎಂದು ಬಸ್ಸು ಹಿಡಿದರು.

ನನ್ನ ಕೈಲಾದರೂ ಎಲ್ಲಿ ಆಗುತ್ತಿತ್ತು? ಯಂತ್ರ ಹೋದರೆ ಇನ್ನೊಂದು ಬಂದೀತು. ಅವ್ವ ಮತ್ತೆ ಆ ಗೋಡೆಗೆ ಒರಗಿದರೆ ಎಬ್ಬಿಸುವವರು ಯಾರು? ಒಮ್ಮೆ ಧೈರ್ಯ ಮಾಡಿ, “ಯವ್ವಾ, ಆ ಕೌದಿ...” ಎಂದೆ. “ಯಾಕ, ಹೊಲಿಗಿ ಬಿಚ್ಚೇತೇನು?” ಎಂದು ಅವಳು ಸೂಜಿ ಎತ್ತಿಯೇ ಬಿಟ್ಟಳು. ತೊಡೆಯ ಮೇಲೆ ಪಕ್ಕದ ಮನೆಯ ಕೂಸಿನ ಹೊಸ ಕೌದಿ ಇತ್ತು. “ಇಲ್ಲಬೇ, ಚಂದ ಐತಿ ಅಂದೆ” ಎಂದು ಹಿಂದೆ ಸರಿದೆ. ಅಂದಿನಿಂದ ಅವ್ವ ಸಂಜೆ ಮಠಕ್ಕೆ ಹೋದಾಗ ಕೌದಿ ಬಿಚ್ಚಿ ಟೈಪ್ ಮಾಡುವುದು, ಚಪ್ಪಲಿಯ ಸಪ್ಪಳ ಕೇಳಿದೊಡನೆ ಲಾಡಿ ಕಟ್ಟುವುದು. ನಲವತ್ತು ದಾಟಿದ ಮಾಸ್ತರ ನಾನು, ಕದ್ದು ಬೀಡಿ ಸೇದುವ ಹುಡುಗನ ಹಾಗೆ ಬಾಗಿಲಿಗೆ ಕಿವಿಗೊಟ್ಟು ಕೂಡುತ್ತಿದ್ದೆ.

ಒಂದು ಸಂಜೆ ಅವ್ವ ಲಗೂ ಬಂದುಬಿಟ್ಟಳು. ನನ್ನ ಕೈಯಲ್ಲಿ ಲಾಡಿ ಸಿಕ್ಕುಗಟ್ಟಿತ್ತು.

“ಯಾಕ ಬಿಚ್ಚಿದ್ದಿ?”

“ಸೆಕಿ ಆಕ್ಕೈತಿ ಬೇ ಅದಕ್ಕ” ಎಂದೆ.

ಅವಳು ಕೌದಿಯನ್ನು ಎತ್ತಿಕೊಂಡು ಎದೆಗೆ ಹಿಡಿದು, ಆ ಗೋಡೆಯ ಕಡೆಗೆ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು: “ನಿಮ್ಮಪ್ಪಂದೂ ಹಿಂಗ. ಮಾಗಿ ಚಳ್ಯಾಗೂ ಹೊಚ್ಚಿದ್ದನ್ನ ಕಾಲಲೆ ಒದೀತಿದ್ರು. ನಾ ಹೊಚ್ಚೂದು, ಅವರು ಒದಿಯೂದು. ಒಂದ ದಿನಾನೂ ಬ್ಯಾಡ ಅಂತ ಬಾಯಿ ಬಿಟ್ಟ ಅನ್ನಲಿಲ್ಲ ಮನಶಾ. ಅವರ ಮಗಾನ ನೀ!” ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡು ನಕ್ಕಳು. ಕೌದಿಯನ್ನು ಝಾಡಿಸಿ ನನ್ನ ಕುರ್ಚಿಯ ಮೇಲೆ ಹಾಸಿ, “ಕುರ್ಚಿ ಥಂಡಿ ಇರ್ತೈತಿ. ಇದರ ಮ್ಯಾಲ ಕುಂಡ್ರು” ಎಂದಳು.

ಈಗ ಲ್ಯಾಪ್‌ಟಾಪ್ ರೋಣದಲ್ಲೂ ಓಡುತ್ತಿದೆ. ಅದು ತಮ್ಮ ಕೊನೆಯ ಫಾರ್ಮ್ಯಾಟಿನ ಪ್ರತಾಪವೆಂದು ಖಾಜಾಸಾಬರು ಗಿರಾಕಿಗಳಿಗೆ ಹೇಳುತ್ತಾರಂತೆ, ಹೇಳಲಿ. ತೊಂದರೆ ಈಗ ನನ್ನದು. ಆ ಕೌದಿಯ ಮೇಲೆ ಕೂತರೆ ಸಾಕು, ಅಡಿಯಿಂದ ಬೆಚ್ಚಗಾಗುತ್ತದೆ, ಬೆಕ್ಕು ತೊಡೆ ಏರುತ್ತದೆ, ಮೊದಲನೆಯ ಪ್ರಶ್ನೆ ಮುಗಿಯುವುದರೊಳಗೆ ನಾನು ತೂಕಡಿಸುತ್ತೇನೆ. ಯಂತ್ರ ನನ್ನ ಮುಂದಿನ ಅಕ್ಷರಕ್ಕೆ ಕಾಯುತ್ತ ಕೂತಿರುತ್ತದೆ. ಕೌದಿ ತೆಗೆದರೆ ಎಲ್ಲ ಸರಿಹೋಗುತ್ತದೆ, ನನಗೆ ಗೊತ್ತು. ಆದರೆ ತೆಗೆ ಎಂದು ಅವ್ವನಿಗೆ ಹೇಳಲು ಅಪ್ಪನ ಮಗನಿಗೆ ಬಾಯಿ ಬರಬೇಕಲ್ಲ!