ಎದ್ದು ನಿಂತು ಓದಮ್ಮಾ

ಪೆನ್ನು ಹಿಡಿದ ದಿನವೇ ಏನಾದರೊಂದು ಎಡವಟ್ಟಾಗುವುದು ನನಗೆ ಮೊದಲಿನಿಂದಲೂ ರೂಢಿ. ತೊಂಬತ್ತರ ದಶಕದ ಕೊನೆಯಲ್ಲಿ, ಮೋರಖಂಡಿಯಿಂದ ಬಸವಕಲ್ಯಾಣಕ್ಕೆ ಬಿ.ಎ. ಕಲಿಯಲು ಹೋಗುತ್ತಿದ್ದಾಗ, ಅದು ವಾರಕ್ಕೊಂದು ಖಾಯಂ. ಮೈಸೂರು ಕಡೆಯಿಂದ ಬಂದಿದ್ದ ಕನ್ನಡದ ಸರ್ ಪ್ರತಿ ಶುಕ್ರವಾರ ಒಂದು ಬರಹ ಬರೆಸುತ್ತಿದ್ದರು. ಬರೆಯಲು ಹೆದರಿಕೆ ಇರಲಿಲ್ಲ. ಎಲ್ಲರೆದುರು ನಿಂತು ಓದಬೇಕಲ್ಲ, ಹೆದರಿಕೆಯೆಲ್ಲ ಅದಕ್ಕೆ.

ಸಮುದ್ರ

ಮೊದಲ ವಿಷಯ ‘ನಾನು ಕಂಡ ನಿಸರ್ಗ’. ನಾನು ಸಮುದ್ರದ ಮೇಲೆ ಬರೆದೆ. ತೆರೆ, ನೊರೆ, ಹಾಯಿದೋಣಿ, ಮುಳುಗುವ ಸೂರ್ಯ, ಏನೂ ಬಿಡಲಿಲ್ಲ. ಓದಿ ಮುಗಿಸಿದಾಗ ಸರ್ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಕ್ಲಾಸಿನಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ.

“ಚೆನ್ನಾಗಿದೆ. ಸಮುದ್ರ ಎಲ್ಲಿ ನೋಡಿದೆ?”

“ಹುಮನಾಬಾದಿನಾಗ್ರಿ ಸರ್.”

“ಹುಮನಾಬಾದಿನಲ್ಲಿ ಸಮುದ್ರ ಎಲ್ಲಿದೆಯಮ್ಮಾ?”

“ಪುಸ್ತಕದ ಅಂಗಡ್ಯಾಗ್ರಿ. ಗೈಡಿನ ಅರವತ್ತೆರಡನೇ ಪುಟದಾಗ ಅದ.”

ಅದೇ ಸಮುದ್ರ ಕಂಡಿದ್ದ ಇನ್ನೂ ಏಳು ಮಂದಿ ಮೆಲ್ಲಗೆ ತಮ್ಮ ವಹಿ ಮುಚ್ಚಿದರು.

ಅರ್ಜಿ

ಅಂದಿನಿಂದ ಗೈಡ್ ಬಂದ್. ಕಂಡದ್ದನ್ನೇ ಬರೆಯಬೇಕು. “ಬಸ್ ಡಿಪೋದ ಮೇಲಧಿಕಾರಿಗೆ ಒಂದು ಅರ್ಜಿ ಬರೆಯಿರಿ,” ಎಂದರು ಸರ್. ನಾನು ಒಳಗಿನ ಸಿಟ್ಟೆಲ್ಲ ಕಾರಿದೆ: ನಮ್ಮ ಕಂಡಕ್ಟರ್ ಹುಡುಗಿಯರು ಕೈ ಮಾಡಿದರೆ ಬಸ್ ನಿಲ್ಲಿಸುವುದಿಲ್ಲ, ಕೇಳಿದರೆ ಮೈಮೇಲೆ ಏರಿ ಬರುತ್ತಾರೆ. ಸರ್ ಮೆಚ್ಚಿದರು. ಮೆಚ್ಚಿ, ನನಗೆ ಹೇಳದೆ ಅದನ್ನು ಅಂಚೆಗೇ ಹಾಕಿಬಿಟ್ಟರು!

ಹದಿನೈದು ದಿನದ ಮೇಲೆ ಬಸ್ ನನ್ನೆದುರೇ ಗಕ್ಕನೆ ನಿಂತಿತು. ಹತ್ತಿದೆ. ಕಂಡಕ್ಟರ್ ಕೈಯಲ್ಲಿ ನನ್ನದೇ ಅಕ್ಷರದ ಕಾಗದ.

“ಇದು ನೀವೇ ಬರ್ದೀರೇನ್ರಿ?”

ಇಳಿಯೋಣವೆಂದರೆ ಬಸ್ ಓಡುತ್ತಿತ್ತು. “ಹೌದ್ರಿ ಅಣ್ಣಾ,” ಎಂದೆ.

ಅವರು ಹತ್ತಿರ ಬಂದು ಬಗ್ಗಿದರು. “ಭಾರಿ ಜೋರ್ ಬರೀತೀರಿ. ನಮ್ಮೂರಿಗಿ ಬದ್ಲಿ ಮಾಡ್ರಿ ಅಂತ ನಂದೂ ಒಂದು ಅರ್ಜಿ ಬರ್ದು ಕೊಡ್ರಿ. ಮೂರು ವರ್ಷಾತು, ನಾ ಬರ್ದದ್ದು ಯಾರೂ ಓದವಲ್ರು.”

ಎಮ್ಮೆ

ಎರಡನೇ ವರ್ಷದ ಕೊನೆಗೆ ಅಪ್ಪ, “ಹೆಣ್ಮಗಳಿಗೆ ಇಷ್ಟು ಸಾಲಿ ಸಾಕು,” ಎಂದು ಟಿ.ಸಿ. ಒಯ್ಯಲು ಕಾಲೇಜಿಗೇ ಬಂದ. ಎರಡು ದಿನ ಅತ್ತಿದ್ದೆ; ಅವನು ಕರಗಿರಲಿಲ್ಲ. ಸರ್, “ಹತ್ತು ನಿಮಿಷ ಕೂತಿರಿ,” ಎಂದು ಅವನನ್ನು ಕ್ಲಾಸಿನೊಳಗೇ ಕೂರಿಸಿ ನನ್ನತ್ತ ತಿರುಗಿದರು.

“ಎದ್ದು ನಿಂತು ಓದಮ್ಮಾ.”

ಆ ವಾರದ ವಿಷಯ ‘ನಮ್ಮ ಮನೆಯವರು’. ನಾನು ಬರೆದದ್ದು ಅಪ್ಪನ ಮೇಲೆ! ಬೇರೆ ದಾರಿಯಿಲ್ಲದೆ ಓದಿದೆ: ಬೀಗರು ಬಂದಾಗ ಅಪ್ಪ ‘ನಮ್ಮ ಎಮ್ಮಿ ಕೂಸಿನಂಗ ಅದರಿ’ ಎಂದು ತಾನೇ ಹಿಂಡಲು ಕೂತದ್ದು, ಎಮ್ಮೆ ಒಮ್ಮೆ ಝಾಡಿಸಿ ಒದ್ದದ್ದು, ರುಮಾಲು ಸಮೇತ ಸೆಗಣಿಯಲ್ಲಿ ಬಿದ್ದ ಅಪ್ಪ ಎದ್ದು ‘ನೆಲಾ ಜಾರ್ತದ ನೋಡ್ರಿ’ ಎಂದದ್ದು.

ಯಾರೂ ನಗಲಿಲ್ಲ. ಎಲ್ಲರ ಕಣ್ಣು ಅಪ್ಪನ ಮೇಲೆ. ಅಪ್ಪ ಎದ್ದು ನಿಂತ. ಮುಖ ಕೆಂಪಾಗಿತ್ತು.

“ಇದು ಸುಳ್ಳದರಿ ಸರ್.”

ನನ್ನ ಕಾಲೇಜು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

“ಎಮ್ಮಿ ಒಂದು ಸಲ ಒದೀತು ಅಂತ ಬರ್ದಾಳ. ಎರಡು ಸಲ ಒದ್ದದರಿ! ಹಾಲಿನ ಚರಗಿ ಹೋಗಿ ಬೀಗರ ತೆಲಿ ಮ್ಯಾಲ ಬಿದ್ದದ್ದು ಬಿಟ್ಟೇ ಬಿಟ್ಟಾಳ.” ಅಪ್ಪ ನನ್ನನ್ನೊಮ್ಮೆ ನೋಡಿ ತಲೆ ಅಲ್ಲಾಡಿಸಿದ. “ಇಕಿಗಿ ಇನ್ನೂ ಸರಿ ಬರೀಲಾಕ ಬರಂಗಿಲ್ರಿ. ಟಿ.ಸಿ. ನಿಮ್ಮಲ್ಲೇ ಇರ್ಲಿ, ಇನ್ನೊಂದು ವರ್ಷ ಕಲಸ್ರಿ.”