ಹದಿನಾರು ಹೆಲ್ಮೆಟ್ಟುಗಳ ಆಯುಧಪೂಜೆ

ಅಥವಾ ಆ ಹೆಲ್ಮೆಟ್ಟುಗಳಿಗೆ ಕುಂಕುಮ ಹಚ್ಚಿದವನು ನಾನೇ ಇರಬಹುದು. ಈವರೆಗೆ ಕೇಳಿದವರಿಗೆಲ್ಲ ನನ್ನ ಹೆಂಡತಿ ಸುಮಾ ಹಚ್ಚಿದಳೆಂದೇ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅವಳ ಉಂಗುರದ ಬೆರಳು, ಸ್ಟೀಲಿನ ಬಟ್ಟಲು, ನೀರಿನಲ್ಲಿ ಕಲಸಿದ ಕುಂಕುಮ ಎಲ್ಲವೂ ಕಣ್ಣಿಗೆ ಕಟ್ಟಿದಂತಿವೆ. ಅವಳು ಮಾತ್ರ, "ನಾನು ಒಳಗೆ ಒಬ್ಬಟ್ಟು ತಟ್ತಾ ಇದ್ದೆ, ಹಚ್ಚಿದ್ದು ನೀವು" ಅನ್ನುತ್ತಾಳೆ. ಇಷ್ಟು ಅಚ್ಚುಕಟ್ಟಾದ ನೆನಪು ನನ್ನದಾಗಿರಲಿಕ್ಕಿಲ್ಲ ಎಂಬ ಗುಮಾನಿ ನನಗೂ ಇದೆ. ಆದರೆ ಸಿಟ್ಟು ಮಾತ್ರ ಅಸಲಿ. ನಾನು ಕೆಲಸ ಮಾಡುವ ಕಾಲೇಜಿನವರು ಕಳೆದ ವಾರ ತಮ್ಮ ವೆಬ್‌ಸೈಟಿನಲ್ಲಿ, ಅಮೆರಿಕನ್ ಫುಟ್‌ಬಾಲ್ ಕೋಚ್ ಆಗಿ ನಾನು ಮಾಡಿದ ಸಾಧನೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ: ನಾಲ್ಕು ವರ್ಷ, ಗೆಲುವು ಇಲ್ಲ. ಗೆಲುವು ಇಲ್ಲವಂತೆ. ಹೇಗೆ ಇಲ್ಲ ಎಂದು ಒಬ್ಬರಾದರೂ ಕೇಳಬೇಡವೇ?

ಐರ್ಲೆಂಡಿನ ಡನ್‌ಡಾಕ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಸಣ್ಣ ಕಾಲೇಜು ನಮ್ಮದು. ನಾನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವವನು. ಮೈಸೂರಿನಲ್ಲಿದ್ದಾಗ ನಾನು ಮನಸ್ಸಿಟ್ಟು ಆಡಿದ ಆಟ ಕೇರಂ ಒಂದೇ. ಹಿಂದಿನ ಕೋಚ್, ನಿಜವಾದ ಅಮೆರಿಕದವನು, ಚಳಿ ತಾಳಲಾರದೆ ಊರಿಗೆ ಹೊರಟಾಗ ಸಾಮಾನಿನ ಕೋಣೆಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದ. ತಂಡಕ್ಕೆ ಸಿಬ್ಬಂದಿಯಲ್ಲಿ ಒಬ್ಬರ ಹೆಸರು ಇರಲೇಬೇಕು ಎಂಬುದು ಕಾಲೇಜಿನ ನಿಯಮ. ಬೀಗದ ಕೈ ಯಾರ ಬಳಿ ಇದೆಯೋ ಅವರ ಹೆಸರು ಬರೆದರು. ನಾನು ಎರಡು ತಿಂಗಳು ಲ್ಯಾಬಿನಲ್ಲಿ ಕೂತು ವಿಡಿಯೊ ನೋಡಿ ಆಟ ಕಲಿತೆ, ಆಮೇಲೆ ಕಲಿಸಿದೆ. ಊರಿನಲ್ಲಿ ಓಡಬಲ್ಲ ಹುಡುಗರೆಲ್ಲ ಇಲ್ಲಿಯವರದೇ ಆಟವಾದ ಗೇಲಿಕ್ ಫುಟ್‌ಬಾಲಿಗೆ ಹೋಗುತ್ತಿದ್ದರು. ಓಡಲಾರದವರು, ಅಲ್ಲಿಂದ ಬಿಟ್ಟು ಬಂದವರು, ಹೆಲ್ಮೆಟ್ಟು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವ ಆಸೆಯವರು ನನಗೆ. ಆದರೂ ಅವರನ್ನು ನಾನು ಬಿಟ್ಟುಕೊಡಲಾರೆ. ಸೋತು ಬರುವಾಗ ಬಸ್ಸಿನಲ್ಲಿ ಅವರಷ್ಟು ಚೆನ್ನಾಗಿ ಹಾಡುವ ತಂಡ ಈ ದೇಶದಲ್ಲಿ ಇನ್ನೊಂದಿರಲಿಲ್ಲ.

ನಾಲ್ಕನೆಯ ವರ್ಷ ಕಾಲೇಜಿನ ಕ್ರೀಡಾ ಸಮಿತಿ ಕರೆದು ಹೇಳಿತು: ಈ ಸಲ ಒಂದು ಪಂದ್ಯವನ್ನಾದರೂ ಗೆಲ್ಲದಿದ್ದರೆ ತಂಡವನ್ನು ಮುಚ್ಚುತ್ತೇವೆ. ಉಳಿದದ್ದು ಒಂದೇ ಪಂದ್ಯ, ಭಾನುವಾರ. ಹಿಂದಿನ ದಿನ ಆಯುಧಪೂಜೆ. ಕಾಲೇಜಿನ ಕೋಣೆ ಸೋರುತ್ತಿದ್ದುದರಿಂದ ಹದಿನಾರು ಬಿಳಿ ಹೆಲ್ಮೆಟ್ಟುಗಳೂ ನಮ್ಮ ಮನೆಯಲ್ಲಿಯೇ ಇದ್ದವು. ಸುಮಾ ಅವನ್ನು ನಡುಮನೆಯಲ್ಲಿ ಸಾಲಾಗಿ ಜೋಡಿಸಿದಳು. "ಕಾರಿಗೆ ಮಾಡ್ತೀವಿ, ಮಿಕ್ಸಿಗೆ ಮಾಡ್ತೀವಿ. ದುಡಿಯೋ ಸಾಮಾನು ತಾನೆ ಇವೂ? ಬಿಟ್ರೆ ಬೇಜಾರು ಮಾಡ್ಕೊಳ್ಳಲ್ವಾ?" ಎಂದಳು. ಬೂದುಗುಂಬಳ ಸಿಗದೆ, ಹ್ಯಾಲೋವೀನಿಗೆಂದು ಅಂಗಡಿಯಲ್ಲಿ ಗುಡ್ಡೆ ಹಾಕಿದ್ದ ಕಿತ್ತಳೆ ಬಣ್ಣದ ಕುಂಬಳ ತಂದು ಒಡೆದೆವು. ಪ್ರತಿ ಹೆಲ್ಮೆಟ್ಟಿನ ಹಣೆಗೂ ಧಾರಾಳವಾಗಿ ಮೂರು ಬೊಟ್ಟು. ಹಚ್ಚಿದವರು ಯಾರೋ ಇರಲಿ, ಹಚ್ಚಿದ್ದನ್ನು ಒರೆಸುವ ಪದ್ಧತಿ ನಮ್ಮಲ್ಲಿಲ್ಲ. ಅದು ತಾನಾಗಿಯೇ ಹೋಗಬೇಕು. ಬೆಳಿಗ್ಗೆ ತಂಡದ ನಾಯಕ ಓಯಿನ್ ತನ್ನ ಹೆಲ್ಮೆಟ್ಟನ್ನು ತಿರುಗಿಸಿ ನೋಡಿ, "ಗ್ರ್ಯಾಂಡ್, ಕೋಚ್. ಸೋತು ಸಾಕಾಗಿದೆ, ಯಾವ ದೇವರಾದರೂ ಬರಲಿ" ಎಂದ.

ದೇವರು ಬಂದನೆಂದೇ ಹೇಳಬೇಕು. ಮೊದಲರ್ಧದ ಕೊನೆಗೆ ಎದುರಾಳಿಯ ಕೈಯಿಂದ ಜಾರಿದ ಚೆಂಡು ಓಯಿನ್‌ನ ಹೊಟ್ಟೆಗೆ ಬಂದು ಬಡಿಯಿತು. ಅವನು ಗಾಬರಿಯಿಂದ ಅದನ್ನು ಅಪ್ಪಿಕೊಂಡು ಓಡಿದ. ಸರಿಯಾದ ದಿಕ್ಕಿಗೇ ಓಡಿದ. ಕೊನೆಯ ಗೆರೆ ದಾಟಿದ: ಆರು–ಸೊನ್ನೆ. ನಾಲ್ಕು ವರ್ಷದಲ್ಲಿ ಮೊದಲ ಬಾರಿ ನಾವು ಮುಂದಿದ್ದೆವು. ದ್ವಿತೀಯಾರ್ಧ ಶುರುವಾಗುವ ಹೊತ್ತಿಗೆ ಮಳೆ ಬಂತು.

ರೆಫರಿ ಕೆಟ್ಟವನೇನಲ್ಲ, ನಿಯಮದ ಮನುಷ್ಯ ಅಷ್ಟೇ. ರಕ್ತ ಬರುತ್ತಿರುವ ಆಟಗಾರ ಮೈದಾನದಲ್ಲಿ ಇರಕೂಡದು. ಅವನ ಕಣ್ಣಿಗೆ ನಮ್ಮಲ್ಲಿ ಆರು ಜನರ ಹಣೆಯಿಂದ ಗಲ್ಲದವರೆಗೆ ಕೆಂಪು ಇಳಿಯುತ್ತಿತ್ತು. ಆರೂ ಜನರನ್ನು ಹೊರಗೆ ಕಳಿಸಿದ. ಉಳಿದವರು ಹತ್ತು, ಬೇಕಾದವರು ಹನ್ನೊಂದು. ಹತ್ತು ನಿಮಿಷದಲ್ಲಿ ಸರಿಪಡಿಸಿಕೊಳ್ಳಿ ಎಂದ. ನಾನು ಪೂಜೆ, ಕುಂಕುಮ, ಅರಿಸಿನ, ಸಂಪ್ರದಾಯ ಎಲ್ಲವನ್ನೂ ಒಂದೇ ಉಸಿರಿನಲ್ಲಿ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿ, "ನಿಮ್ಮ ಡಾಕ್ಟರು ಹೇಳಲಿ" ಎಂದ.

ನಮ್ಮ ಡಾಕ್ಟರು ಎಂದರೆ ಪ್ರಭಾಕರ, ನನ್ನ ಆತ್ಮೀಯ ಗೆಳೆಯ. ದಾವಣಗೆರೆಯಲ್ಲಿ ಓದಿ ಇಲ್ಲಿಯ ಆಸ್ಪತ್ರೆಯಲ್ಲಿರುವವನು, ನಮ್ಮ ಮನೆಯ ಒಬ್ಬಟ್ಟಿಗಾಗಿ ಪುಕ್ಕಟೆ ಬರುತ್ತಿದ್ದವನು. ಅವನು ಕನ್ನಡಕ ಮೇಲಕ್ಕೆತ್ತಿ ಆರೂ ಮುಖಗಳನ್ನು ನೋಡಿದ.

"ಕುಂಕುಮ ಅಂತ ಹೇಳೋ, ಮಾರಾಯ" ಎಂದೆ.

"ಐದು ಜನದ್ದು ಕುಂಕುಮ, ಒಪ್ತೀನಿ. ಓಯಿನ್ ತುಟಿ ಒಡೆದಿದೆ ಗುರೂ. ಯಾವುದು ಎಲ್ಲಿಂದ ಇಳೀತಿದೆ ಅಂತ ನೋಡಿದ್ರೆ ಗೊತ್ತಾಗಲ್ಲ. ತೊಳೀದೆ ನಾನು ಸೈನ್ ಮಾಡಲ್ಲ."

"ನಿನ್ನೆ ಮಂಗಳಾರತಿ ತಗೊಂಡಿದ್ದೀಯ, ನೀನೇ ಕೈ ಮುಗಿದಿದ್ದೀಯ."

"ಕೈ ಮುಗಿಯೋಕೆ ಲೈಸೆನ್ಸು ಬೇಕಾಗಿಲ್ಲ" ಎಂದ.

ಒಳ್ಳೆಯ ಮನುಷ್ಯನ ಪ್ರಾಮಾಣಿಕತೆಯಷ್ಟು ಸಿಟ್ಟು ಬರಿಸುವ ವಸ್ತು ಬೇರೊಂದಿಲ್ಲ. ಮುಖ ತೊಳೆಸಿದೆವು. ಹೆಲ್ಮೆಟ್ಟು ಹಾಕಿದೊಡನೆ ಮಳೆ ಮತ್ತೆ ಕೆಂಪು ಇಳಿಸಿತು. ಟವೆಲ್ಲುಗಳು ಆಪರೇಷನ್ ಮುಗಿಸಿ ಬಂದಂತಿದ್ದವು. ಉಳಿದಿದ್ದು ಒಂದೇ ದಾರಿ, ಹೆಲ್ಮೆಟ್ಟನ್ನೇ ಒರೆಸುವುದು. ಬಟ್ಟೆ ಕೈಗೆತ್ತಿಕೊಂಡೆ. ಕೊಡೆಯ ಕೆಳಗಿನಿಂದ ಸುಮಾ, "ರೀ, ಪೂಜೆ ಮಾಡಿದ್ದನ್ನ ಒರೆಸ್ಬೇಡಿ. ಹುಡುಗರಿಗೆ ಏನಾದ್ರೂ ಆದ್ರೆ?" ಎಂದಳು. "ಆಗಲಿ, ಒರೆಸಿ" ಎಂದು ನಾನು ಹುಡುಗರಿಗೆ ಕೂಗಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನೀವು ಏನೂ ಹೇಳಲಿಲ್ಲ, ಬಟ್ಟೆ ಹಿಡಿದು ನಿಂತೇ ಇದ್ದಿರಿ ಎಂದು ಓಯಿನ್ ಹೇಳುತ್ತಾನೆ. ಅಷ್ಟರಲ್ಲಿ ರೆಫರಿ ಗಡಿಯಾರ ನೋಡಿ ಸೀಟಿ ಊದಿದ. ಪಂದ್ಯ ಅವರಿಗೆ ಹೋಯಿತು. ಮುಂದಿದ್ದ ತಂಡಕ್ಕೆ ಸೋಲು. ತಿಂಗಳು ಮುಗಿಯುವ ಮೊದಲೇ ತಂಡವನ್ನು ಮುಚ್ಚಿದರು.

ವೆಬ್‌ಸೈಟಿನ ಆ ಸಾಲನ್ನು ತಿದ್ದಬೇಕೆಂದು ಮೂರು ದಿನ ಕೂತು ಪತ್ರ ಬರೆದೆ. ನಿಯಮ, ಮಳೆ, ಡಾಕ್ಟರ ದ್ರೋಹ ಎಲ್ಲವೂ ಅದರಲ್ಲಿತ್ತು. ಸುಮಾ ಓದಿ ನೋಡಿ, "ಆಟ ಇನ್ನೂ ಅರ್ಧ ಬಾಕಿ ಇತ್ತಲ್ವಾ?" ಎಂದಷ್ಟೇ ಕೇಳಿದಳು. ಬಾಕಿ ಇತ್ತು. ಮುಂದಿರುವ ತಂಡ ಉಳಿದ ಆಟವನ್ನು ಹೇಗೆ ಆಡಬೇಕೆಂದು ನಾನು ಹುಡುಗರಿಗೆ ಒಂದು ದಿನವೂ ಕಲಿಸಿರಲಿಲ್ಲ. ಅಂಥ ಸಂದರ್ಭ ಬಂದಿರಲಿಲ್ಲ. ಅವತ್ತು ಆಟ ಮುಂದುವರಿದಿದ್ದರೆ ನಾವು ಗೆಲ್ಲುತ್ತಿದ್ದೆವೋ ಇಲ್ಲವೋ, ನನಗೆ ಗೊತ್ತಿಲ್ಲ.