ಚಿಕ್ಕಸ್ವಾಮಿ ರಿಜಿಸ್ಟ್ರಿ ಅಳಿಸಿದ್ದು

ಒತ್ತಿದರೆ ಏನಾಗಬಹುದು? ಏನೂ ಆಗದೆಯೂ ಇರಬಹುದು. ಫ್ಲಾಪಿಯ ಮೇಲೆ ಗೆಳೆಯ ಶಶಿ ನೀಲಿ ಇಂಕಿನಲ್ಲಿ ಬರೆದಿದ್ದುದು 'ರಿಜಿಸ್ಟ್ರಿ ಕ್ಲೀನರ್, ವಿಂಡೋಸ್ 95' ಎಂದು. ಎದುರಿಗಿದ್ದ ಯಂತ್ರದಲ್ಲಿ ಹೋದ ತಿಂಗಳು ತಾನೇ ವಿಂಡೋಸ್ ತೊಂಬತ್ತೆಂಟು ಬಂದು ಕೂತಿತ್ತು. ಅಣ್ಣನ ಅಳತೆಗೆ ಹೊಲಿಸಿದ ಅಂಗಿ ತಮ್ಮನಿಗೆ ಆಗುವುದಿಲ್ಲವೇ? ಆಗುತ್ತದೆ. ಆದರೆ ಇಲ್ಲಿ ತಮ್ಮನೇ ಅಣ್ಣನಿಗಿಂತ ದಪ್ಪ.

ಚಿಕ್ಕಸ್ವಾಮಿಯ ಬೆರಳು ಕೀಲಿಯ ಮೇಲೆ ನಿಂತು ಬೆವರಿತು.

ಕಂಪ್ಯೂಟರು ತನ್ನೊಳಗೆ ಏನೇನಿದೆ, ಎಲ್ಲೆಲ್ಲಿದೆ ಎಂದು ತಾನೇ ಬರೆದಿಟ್ಟುಕೊಳ್ಳುವ ಪಟ್ಟಿಗೆ ರಿಜಿಸ್ಟ್ರಿ ಎಂದು ಹೆಸರು. ಆ ಹೆಸರಿಟ್ಟವನು ಯಾರೇ ಇರಲಿ, ಕೆ.ಆರ್. ಪೇಟೆಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಒಂದು ದಿನವೂ ಕೂತವನಲ್ಲ. ಈ ಬೀದಿಯಲ್ಲಿ ಆ ಮಾತಿಗೆ ಒಂದೇ ಅರ್ಥ. ಯಾರ ಜಮೀನು ಯಾರಿಗೆ ಎಂಬುದು.

ಚಿಕ್ಕಸ್ವಾಮಿ ಟೈಪು ಮಾಡುವ ಅಂಗಡಿ ತಿಮ್ಮರಾಜುವಿನದು. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೋರ್ಡನ್ನು ಅಳಿಸಿ ಕಂಪ್ಯೂಟರ್ ಸೆಂಟರ್ ಎಂದು ಬರೆಸಿದ್ದ. ಕಂಪ್ಯೂಟರಿನ ಬಗ್ಗೆ ಅವನಿಗೆ ಗೊತ್ತಿದ್ದುದು ಎರಡೇ ಸಂಗತಿ: ಚಪ್ಪಲಿ ಹೊರಗೆ ಬಿಡಬೇಕು, ಹೊರಗಿನ ಫ್ಲಾಪಿ ಒಳಗೆ ಬರಬಾರದು. ಎರಡನ್ನೂ ಗೋಡೆಗೆ ಬರೆದು ಅಂಟಿಸಿದ್ದ. ಇವತ್ತು ಟೈಪಾಗಿ ಹೊರಬರಬೇಕಾಗಿದ್ದುದು ಅವನ ಮನೆಯದೇ ವಿಭಾಗಪತ್ರ. ತಿಮ್ಮರಾಜು ಮತ್ತು ಅವನ ತಮ್ಮ ನಂಜಪ್ಪ ಒಂಬತ್ತು ವರ್ಷ ಮುಖ ನೋಡದೆ ಇದ್ದು, ಮೊನ್ನೆ ತಾನೇ ತಾಯಿ ದೊಡ್ಡತಾಯಮ್ಮನ ಮುಂದೆ ಪಾಲಿಗೆ ಒಪ್ಪಿಕೊಂಡಿದ್ದರು. ನಾಲ್ಕು ಗಂಟೆಯೊಳಗೆ ರಿಜಿಸ್ಟರ್ ಆಗಬೇಕು. ನಾಳೆ ಎಂದರೆ ಇಬ್ಬರಲ್ಲಿ ಒಬ್ಬರ ಮನಸ್ಸು ತಿರುಗುವುದು ಖಂಡಿತ. ಇದು ಸುಸೂತ್ರವಾಗಿ ಮುಗಿದರೆ ಚಿಕ್ಕಸ್ವಾಮಿಯ ಕೆಲಸ ಖಾಯಂ ಎಂದು ತಿಮ್ಮರಾಜು ಬೆಳಿಗ್ಗೆ ಹೇಳಿದ್ದ. ಇಲ್ಲದಿದ್ದರೆ ಏನು ಎಂದು ಅವನು ಹೇಳಲಿಲ್ಲ.

ಯಂತ್ರ ಮಾತ್ರ ಬೆಳಿಗ್ಗೆಯಿಂದ ಮೇವು ಬಿಟ್ಟ ಎಮ್ಮೆಯಂತೆ ನಿಂತಿತ್ತು. ಹದಿನಾಲ್ಕು ಪುಟದ ಪತ್ರ ಪ್ರಿಂಟಿಗೆ ಕೊಟ್ಟಾಗೆಲ್ಲ ಮರಗಟ್ಟುತ್ತಿತ್ತು. ರಿಜಿಸ್ಟ್ರಿಯಲ್ಲಿ ಕಸ ತುಂಬಿದರೆ ಹೀಗಾಗುತ್ತದೆ ಎಂದು ಪಾಂಡವಪುರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಶಶಿ ಹಿಂದೆ ಯಾವಾಗಲೋ ಹೇಳಿದ್ದ. ಆಗಲೇ ಆ ಫ್ಲಾಪಿಯನ್ನೂ ಕೊಟ್ಟಿದ್ದ. ಈಗ ಅದು ಆರುನೂರ ಹನ್ನೆರಡು ಕಸ ಸಿಕ್ಕಿದೆ, ತೆಗೆಯಲೇ ಎಂದು ಕೇಳುತ್ತಿತ್ತು. ಗಂಟೆ ಒಂದೂವರೆ.

ಒತ್ತಿದ.

ಯಂತ್ರ ಒಮ್ಮೆ ಮಲಗಿ ಎದ್ದಿತು. ನಿಜಕ್ಕೂ ಚುರುಕಾಗಿತ್ತು. ಅವನು ಸಮಾಧಾನದ ಉಸಿರು ಬಿಟ್ಟು ವಿಭಾಗಪತ್ರ ತೆರೆದ. ಹದಿನಾಲ್ಕು ಪುಟದಲ್ಲಿ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ನಂಜಪ್ಪನ ಹೆಸರಿದ್ದ ಕಡೆ ಒಂದು ಪೌಂಡಿನ ಗುರುತೂ, ನೆತ್ತಿಯ ಮೇಲೆ ಗೀಟು ಹೊತ್ತ ಇಂಗ್ಲಿಷ್ A ಗಳೂ ಸಾಲಾಗಿ ನಿಂತಿದ್ದವು. ಕನ್ನಡ ಫಾಂಟುಗಳನ್ನೂ ಕಸವೆಂದು ಬಗೆದು ಫ್ಲಾಪಿ ಗುಡಿಸಿ ಹಾಕಿತ್ತು.

ಅಂಗಡಿಯ ಫೋನು ತಿಮ್ಮರಾಜುವಿನ ಮೇಜಿನ ಮೇಲೆ, ಬೀಗ ಹಾಕಿಕೊಂಡು ಕೂತಿತ್ತು. ಚಿಕ್ಕಸ್ವಾಮಿ ಬೀದಿ ದಾಟಿ ಪ್ರಮೀಳಕ್ಕನ ಎಸ್‌ಟಿಡಿ ಬೂತಿಗೆ ಓಡಿದ. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಲೈನು ಕೆಟ್ಟದಾಗಿತ್ತು. ಸಾಮಾನ್ಯವಾಗಿ ಪಕ್ಕದವನಿಗೂ ಕೇಳಿಸದಂತೆ ಮಾತಾಡುವ ಹುಡುಗ ಅವತ್ತು ಕೂಗಿ ಮಾತಾಡಬೇಕಾಯಿತು.

"ರಿಜಿಸ್ಟ್ರಿ ಎಲ್ಲಾ ಕ್ಲೀನ್ ಆಗೋಯ್ತು ಕಣ್ಲಾ ಶಶಿ. ಎಲ್ಲಾರ ಎಸ್ರೂ ಅಳಿಸೋಗದೆ. ನಾನೇ ಒತ್ಬುಟ್ಟೆ."

ಅಷ್ಟಕ್ಕೆ ಲೈನು ಕಡಿಯಿತು. ಮತ್ತೆ ಸಿಗಲು ಇಪ್ಪತ್ತು ನಿಮಿಷ ಬೇಕಾಯಿತು. ಆ ಇಪ್ಪತ್ತು ನಿಮಿಷ ಪ್ರಮೀಳಕ್ಕ ಸುಮ್ಮನೆ ಕೂತಿರಲಿಲ್ಲ. ಎರಡನೆಯ ಸಲ ಶಶಿ ಸಿಕ್ಕಾಗ ಬೂತಿನ ಹೊರಗೆ ನಾಲ್ಕು ಜನ ನಿಂತಿದ್ದರು. ಚಿಕ್ಕಸ್ವಾಮಿ ಧ್ವನಿ ಇಳಿಸಿದ. ಹಾಗಾಗಿ ಮುಖ್ಯವಾದ ಮಾತು ಅವರಾರಿಗೂ ಕೇಳಲಿಲ್ಲ.

"ತೊಂಬತ್ತೆಂಟಕ್ಕೆ ಅದನ್ಯಾಕ್ಲಾ ಹಾಕ್ದೆ, ಬಡ್ಡೆತ್ತದೆ," ಎಂದು ಶಶಿ ಬೈದ. "ಅದು ತನ್ನ ರಿಜಿಸ್ಟ್ರಿನ ತಾನೇ ದಿನಾ ನೋಡ್ಕತದೆ. ನಕಲೂ ತೆಗ್ದು ಮಡಿಕ್ಕಂಡಿರ್ತದೆ." ಕಪ್ಪು ಪರದೆಗೆ ಹೋಗಿ ಒಂದು ಸಾಲು ಹೊಡೆದರೆ ಐದು ತಾರೀಕು ತೋರಿಸುತ್ತದೆ, ನೆನ್ನೆಯದನ್ನು ಆರಿಸಿದರೆ ಎಲ್ಲ ಮೊದಲಿನಂತೆ ಎಂದು ಹೇಳಿಕೊಟ್ಟ. ಚಿಕ್ಕಸ್ವಾಮಿ ಆ ಸಾಲನ್ನು ಅಂಗೈ ಮೇಲೆ ಬರೆದುಕೊಂಡ.

ಹೊರಗೆ ಬಂದಾಗ ಬೀದಿ ಬೇರೆಯಾಗಿತ್ತು. ಕಚೇರಿಯವರು ಊಟಕ್ಕೆ ಹೋಗಿ ಬಾಗಿಲು ಹಾಕಿದ್ದರು. ದಿನವೂ ಹಾಕುವ ಬಾಗಿಲೇ ಅವತ್ತು ಜನರಿಗೆ ಸಾಕ್ಷಿಯಾಯಿತು. ರಿಜಿಸ್ಟ್ರಿಯೆಲ್ಲ ಇನ್ನು ಕಂಪ್ಯೂಟರಿಗೆ ಹೋಗುತ್ತದಂತೆ ಎಂದು ಆ ವರ್ಷ ಎಲ್ಲರೂ ಆಡಿಕೊಳ್ಳುತ್ತಿದ್ದರು. ಬೀದಿಯಲ್ಲಿದ್ದುದು ಒಂದೇ ಕಂಪ್ಯೂಟರು. ಮಿಕ್ಕಿದ್ದನ್ನು ಜನ ತಾವೇ ಕೂಡಿಸಿಕೊಂಡಿದ್ದರು.

ಹೊಂಗೆಮರದ ಕೆಳಗೆ ಪತ್ರ ಬರೆಯುವ ದಾಸಯ್ಯ ಮೊದಲು ಎದ್ದು ನಿಂತ. ಮೂವತ್ತು ವರ್ಷದ ಕೈಬರಹವನ್ನು ಈ ಯಂತ್ರ ತಿಂದಿತೆಂಬ ಸಿಟ್ಟು ಅವನಿಗೆ ಮೊದಲಿಂದಲೂ ಇತ್ತು.

"ಏನಪ್ಪಾ ಸ್ವಾಮಿ, ರಿಜಿಸ್ಟ್ರಿ ಗುಡಿಸ್ಬುಟ್ಯಂತೆ?"

ಚಿಕ್ಕಸ್ವಾಮಿ ನಿಂತ. ಹೇಳುವುದಕ್ಕೆ ಒಂದು ವಾಕ್ಯ ಸಾಕಿತ್ತು. ಆದರೆ ಯಾವ ರಿಜಿಸ್ಟ್ರಿ ಎಂದು ಹೇಳಹೊರಟರೆ ಫ್ಲಾಪಿಯ ಮಾತು ಬರುತ್ತದೆ. ಫ್ಲಾಪಿಯ ಮಾತು ತಿಮ್ಮರಾಜುವಿನ ಕಿವಿಗೆ ಹೋಗುತ್ತದೆ. ಇನ್ನರ್ಧ ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಯಾಗುತ್ತದೆ. ಅವನು ಏನೂ ಹೇಳದೆ ನಡೆದ. ಆ ಮೌನವನ್ನು ಮರದ ಕೆಳಗಿದ್ದವರು ದಾಸಯ್ಯನ ಕೈಬರಹದಷ್ಟೇ ಸಲೀಸಾಗಿ ಓದಿಕೊಂಡರು.

ಬೆಟ್ಟಮ್ಮನೆಂಬ ಮುದುಕಿ ಪ್ಲಾಸ್ಟಿಕ್ ಕವರಿನಲ್ಲಿದ್ದ ತನ್ನ ಕ್ರಯಪತ್ರವನ್ನು ಸೆರಗಿನೊಳಗೆ ಅಮುಕಿ ಹಿಡಿದು, ನನ್ನ ಹೆಸರಾದರೂ ಉಳಿದಿದೆಯಾ ನೋಡಿ ಹೇಳು ಎಂದು ಬೆನ್ನು ಹತ್ತಿದಳು. ಯಾರೋ ಪೊಲೀಸರಿಗೆ ಹೇಳಬೇಕೆಂದರು. ಇನ್ಯಾರೋ ಅವನ ಊರು ಯಾವುದೆಂದು ವಿಚಾರಿಸಿ, ಶೀಳನೆರೆ ಎಂದು ತಿಳಿದ ಮೇಲೆ ಅದಕ್ಕೇ ಎನ್ನುವಂತೆ ತಲೆಯಾಡಿಸಿದರು. ಬಿಳಿ ಷರಟಿನ ಒಬ್ಬ ಮಾತ್ರ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದೊಯ್ದು ಪಿಸುಗುಟ್ಟಿದ: "ಇಂಗೆ ಒಟ್ಗೆ ಅಳಿಸ್ಬ್ಯಾಡ ಕಣಪ್ಪ, ಪಾಪ ಜನ. ನಮ್ ದಾಯಾದಿದು ಒಂದೇ ಒಂದು ಸರ್ವೆ ನಂಬರದೆ, ಅದ್ನ ಮಾತ್ರ ತೆಗಿಯಕ್ಕಾದದಾ?"

ಚಿಕ್ಕಸ್ವಾಮಿ ಅಂಗಡಿ ಹೊಕ್ಕು ಶಟರನ್ನು ಅರ್ಧಕ್ಕೆ ಎಳೆದುಕೊಂಡ. ಹೊರಗೆ ಮಾತು ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಬೆವರಿಗೆ ಅಂಗೈ ಮೇಲಿನ ಸಾಲು ಕದಡತೊಡಗಿತ್ತು. ಒಂದು ಅಕ್ಷರ ತಪ್ಪಿ ಯಂತ್ರ ಒಪ್ಪಲಿಲ್ಲ. ಮತ್ತೆ ಹೊಡೆದ. ಐದು ತಾರೀಕು ಬಂದವು. ನೆನ್ನೆಯದನ್ನು ಆರಿಸಿ, ಯಂತ್ರವನ್ನು ಮಲಗಿಸಿ ಎಬ್ಬಿಸಿ, ಕಾಯುತ್ತ ಕೂತ. ಗಂಟೆ ಎರಡೂಮುಕ್ಕಾಲು.

ಶಟರಿನ ಕೆಳಗೆ ತಲೆ ತೂರಿಸಿ ತಿಮ್ಮರಾಜು ಒಳಗೆ ಬಂದ. ಚಪ್ಪಲಿ ಬಿಡಲು ಮರೆತಿದ್ದ. ಮುಖ ತೊಳೆದ ಸ್ಲೇಟಿನಂತಿತ್ತು. ಬೈಗುಳ ಬರುತ್ತದೆಂದು ಚಿಕ್ಕಸ್ವಾಮಿ ತಲೆ ತಗ್ಗಿಸಿದ. ಬೈಗುಳ ಬರಲಿಲ್ಲ. ತಿಮ್ಮರಾಜು ಸ್ಟೂಲು ಎಳೆದುಕೊಂಡು, ಶಟರಿಗೆ ಬೆನ್ನು ಹಾಕಿ ಹತ್ತಿರ ಕೂತ.

"ಎಷ್ಟ್ ವರ್ಸದ್ ರಿಜಿಸ್ಟ್ರಿ ಓಗದೆ ಕಣ್ಲಾ?"

ಚಿಕ್ಕಸ್ವಾಮಿ ಪರದೆಯನ್ನೇ ನೋಡುತ್ತಿದ್ದ.

"ಓದ ವರ್ಸದ್ದು ಅದಾ ಇಲ್ವಾ, ಅಷ್ಟು ಯೋಳು ಸಾಕು."

"ಓದ ವರ್ಸದ್ದಾ ಅಣ್ಣ?"

"ನಾಲೆ ಮಗ್ಗುಲ ಗದ್ದೆ ಕಣ್ಲಾ. ನಿಮ್ಮತ್ತಿಗೆ ಎಸ್ರಿಗೆ ಮಾಡ್ಸಿದ್ನಲ್ಲ, ಅದು."

ನಾಲೆ ಮಗ್ಗುಲ ಗದ್ದೆ. ಆ ಸಾಲನ್ನು ಚಿಕ್ಕಸ್ವಾಮಿ ಬೆಳಿಗ್ಗೆ ತಾನೇ ಟೈಪು ಮಾಡಿದ್ದ. ಎಂಟನೆಯ ಪುಟ, ತಮ್ಮ ನಂಜಪ್ಪನ ಪಾಲಿಗೆ ಬಂದ ಸ್ವತ್ತುಗಳು, ಒಂದನೆಯ ಬಾಬ್ತು. ಹೆಂಡತಿಯ ಹೆಸರಿಗೆ ಆಗಲೇ ಮಾಡಿಸಿಟ್ಟುಕೊಂಡದ್ದನ್ನು ಇವತ್ತು ತಮ್ಮನಿಗೆ ಪಾಲೆಂದು ಕೊಡುತ್ತಿದ್ದಾನೆ. ಹಳೆಯ ರಿಜಿಸ್ಟ್ರಿ ಇದ್ದರೆ ತಮ್ಮನಿಗೆ ಸಿಗುವುದು ಬರೀ ಕಾಗದ. ಅಳಿಸಿಹೋಗಿದ್ದರೆ ಗದ್ದೆ ನಿಜಕ್ಕೂ ತಮ್ಮನದಾಗುತ್ತದೆ.

"ಅದು ಓಗಿದ್ರೆ ನಾನು ಇವತ್ತು ಸೈನ್ ಆಕಂಗಿಲ್ಲ," ಎಂದ ತಿಮ್ಮರಾಜು. "ನಂಜ ನಿಜ್ವಾಗ್ಲೂ ಬಂದು ಗದ್ದೆ ಉಳ್ತಾನೆ."

ಆಗಲೇ ಚಿಕ್ಕಸ್ವಾಮಿಯ ಕಣ್ಣು ಅವನ ಹೆಗಲ ಮೇಲಿಂದ ಹಾಯ್ದು ಶಟರಿನ ಕೆಳಗಿನ ಸಂದಿಗೆ ಹೋದದ್ದು. ಅಲ್ಲಿ ನಾಲ್ಕು ಕಾಲು ನಿಂತಿದ್ದವು. ಎರಡಕ್ಕೆ ಕೆಸರಿನ ಹವಾಯಿ ಚಪ್ಪಲಿ. ಇನ್ನೆರಡು ಬರಿಗಾಲು, ವಯಸ್ಸಾದವು, ಹಿಮ್ಮಡಿ ಒಡೆದವು. ಪಕ್ಕದಲ್ಲೊಂದು ಊರುಗೋಲು. ಯಾವುದೂ ಅಲುಗುತ್ತಿರಲಿಲ್ಲ.

ಪರದೆಯ ಮೇಲೆ ಕನ್ನಡ ಮೂಡಿತು. ಒಂದೊಂದು ಒತ್ತೂ ಒಂದೊಂದು ಕೊಂಬೂ ತನ್ನ ಜಾಗದಲ್ಲಿತ್ತು. ಏನು ಮಾಡಬೇಕೆಂದು ತಿಳಿಯದೆ ಚಿಕ್ಕಸ್ವಾಮಿ ಪ್ರಿಂಟು ಕೊಟ್ಟ. ಯಂತ್ರ ಮರಗಟ್ಟಲಿಲ್ಲ. ಬೆಳಿಗ್ಗೆಯಿಂದ ಒಂದು ಪುಟವನ್ನೂ ಕೊಡದ ಪ್ರಿಂಟರು ಕಿರ್ರೆಂದು ಹಲ್ಲುಜ್ಜುತ್ತ ಮೊದಲ ಪುಟವನ್ನು ಹೊರಗೆ ತಳ್ಳಿತು.

ಶಟರು ಮೇಲೆ ಹೋಯಿತು. ಎತ್ತಿದವನು ನಂಜಪ್ಪ. ಅವನು ಅಣ್ಣನನ್ನು ನೋಡಿದ. ಮಾತಾಡಿದ್ದು ದೊಡ್ಡತಾಯಮ್ಮ.

"ಎಬ್ಬೆಟ್ಟು ಒತ್ತಕ್ಕೆ ಅಂತ ಕೈ ತೊಳ್ಕಂಡು ಬಂದಿದ್ದೆ ಕಣ್ ಮಗ," ಎಂದಳು. "ತೊಳ್ಕಂಡಿದ್ದೇ ಬಂತು, ಬುಡು."

ತಾಯಿಯನ್ನು ನಡೆಸಿಕೊಂಡು ನಂಜಪ್ಪ ಹೊಂಗೆಮರದ ಕಡೆ ಹೋದ. ದಾಸಯ್ಯ ಆಗಲೇ ತಕರಾರು ಅರ್ಜಿಗೆ ಬಿಳಿ ಹಾಳೆ ಬಿಡಿಸಿ ಪೆನ್ನಿನ ಮುಚ್ಚಳ ತೆಗೆದಿದ್ದ. ಕಚೇರಿಯ ಗುಮಾಸ್ತ ಊಟ ಮುಗಿಸಿ ಬಂದು ಬೀಗ ತೆಗೆದು, ಇಷ್ಟೊಂದು ಜನ ಯಾಕೆ ಸೇರಿದ್ದಾರೆಂದು ಬೆರಗಾದ. ಒಳಗೆ ದಪ್ಪ ಪುಸ್ತಕಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಹುಡುಗ ಏನೋ ಒತ್ತಿ ಎಲ್ಲ ವಾಪಸು ತಂದನಂತೆ ಎಂದು ಜನ ಹೇಳಿಕೊಂಡರು.

ಅಂಗಡಿಯಲ್ಲಿ ಹದಿನಾಲ್ಕನೆಯ ಪುಟವೂ ಹೊರಬಂತು. ತಿಮ್ಮರಾಜು ಅವನ್ನೆಲ್ಲ ಒಟ್ಟುಮಾಡಿ, ಅಂಚು ಸರಿಮಾಡಿ, ಮೇಜಿನ ಮೇಲಿಟ್ಟ.

"ಅಂಗಾರೆ ಗದ್ದೆ ರಿಜಿಸ್ಟ್ರಿ ಅದಾ?"

"ಅದೆ ಅಣ್ಣ."

"ಅದ್ನ ನಾನ್ ಬಾಯ್ ಬುಡಕ್ ಮುಂಚೆ ಯೋಳಕ್ಕಾಗ್ಲಿಲ್ವೇನ್ಲಾ ನಿಂಗೆ?"

ನಾಳೆಯಿಂದ ಬರುವುದು ಬೇಡ ಎಂದು ತಿಮ್ಮರಾಜು ಮೆಲ್ಲಗೆ, ಬೈಯದೆ ಹೇಳಿದ. ಫ್ಲಾಪಿ ಇನ್ನೂ ಯಂತ್ರದೊಳಗೇ ಇತ್ತು. ಅದನ್ನು ಅವನು ಕಡೆಗೂ ನೋಡಲಿಲ್ಲ.

ಸಂಜೆಯ ಶೀಳನೆರೆ ಬಸ್ಸಿನಲ್ಲಿ ಚಿಕ್ಕಸ್ವಾಮಿಗೆ ಸೀಟು ಬಿಟ್ಟುಕೊಡಲು ಮೂವರು ಎದ್ದರು. ಬಿಳಿ ಷರಟಿನವನು ಪಕ್ಕದಲ್ಲೇ ಬಂದು ಕೂತು, ಮಡಿಚಿದ ಚೀಟಿಯೊಂದನ್ನು ಅವನ ಜೇಬಿಗಿಟ್ಟ. ಅದರಲ್ಲಿ ಒಂದು ಸರ್ವೆ ನಂಬರಿತ್ತು. ಅವಸರವೇನಿಲ್ಲ, ಪುರಸೊತ್ತಾದಾಗ ನೋಡು ಎಂದ.

ಅಳಿಸಿಹೋಗಿದ್ದುದು ಆ ಕಂಪ್ಯೂಟರಿನದೇ ರಿಜಿಸ್ಟ್ರಿ, ಅದಕ್ಕೂ ಯಾರ ಗದ್ದೆಗೂ ಸಂಬಂಧವಿರಲಿಲ್ಲ ಎಂದು ಚಿಕ್ಕಸ್ವಾಮಿ ಅವತ್ತೂ ಹೇಳಲಿಲ್ಲ, ಆಮೇಲೂ ಯಾರಿಗೂ ಹೇಳಲಿಲ್ಲ.